ಆ ಅರ್ಜಿಗೆ ನಾನು ಕೊಟ್ಟಿದ್ದು 4 ಅಂಕ

ಹತ್ತಕ್ಕೆ ನಾಲ್ಕು. ಎರಡು ವರ್ಷದ ಹಿಂದೆ ಒಂದು ಅರ್ಜಿಗೆ ನಾನು ಹಾಕಿದ ಅಂಕ ಅದು. ಈಗಲೂ ನೆನಪಾದರೆ ಮನಸ್ಸಿಗೆ ಚುಚ್ಚುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನಿರುವುದು ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ಮಾಂಟ್‌ಗೊಮರಿ ಹತ್ತಿರ. ನಮ್ಮ ಕಂಪನಿಯಲ್ಲಿ ಒಂದು ದಾನ ಸಮಿತಿ ಇದೆ. ವರ್ಷಕ್ಕೊಂದು ಸಲ ಸುತ್ತಮುತ್ತಲಿನ ಸಂಘ ಸಂಸ್ಥೆಗಳಿಂದ ಅರ್ಜಿ ಕರೆಯುತ್ತಾರೆ. ನೌಕರರಲ್ಲೇ ಆರೇಳು ಜನ ಕೂತು ಓದಿ ಅಂಕ ಹಾಕುತ್ತೇವೆ, ಜಾಸ್ತಿ ಅಂಕ ಬಂದವರಿಗೆ ಗ್ರಾಂಟ್. ಆ ಅರ್ಜಿ ಬಂದಿದ್ದು ಸೆಲ್ಮಾದಿಂದ ಆಚೆ ಇರುವ ಒಂದು ಸಣ್ಣ ಊರಿನಿಂದ. ಕಪ್ಪು ಜನರ ಒಂದು ಚರ್ಚು. ಅದರ ಹಾಲ್‌ನಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂರಿಸಿ, ಹೋಮ್‌ವರ್ಕ್ ಮಾಡಿಸಿ, ಊಟ ಹಾಕಿ, ರಾತ್ರಿ ಮನೆಗೆ ಬಿಟ್ಟು ಬರುವ ಹೆಂಗಸರ ಗುಂಪು. ಎಲ್ಲರೂ ಅಜ್ಜಿಯರೇ. ಕೇಳಿದ್ದು 5,000 ಡಾಲರ್. ವ್ಯಾನಿಗೆ ಟೈರು, ಪೆಟ್ರೋಲು, ಅಡುಗೆ ಮಾಡುವವರಿಗೆ ತಿಂಗಳಿಗೆ ಒಂದಿಷ್ಟು. ಖರ್ಚಿನ ಪಟ್ಟಿಯನ್ನು ಕೈಯಲ್ಲಿ ಬರೆದು, ಫೋನಿನಲ್ಲಿ ಫೋಟೋ ತೆಗೆದು ಕಳಿಸಿದ್ದರು. "ನಿಮ್ಮ ಕೆಲಸದಿಂದ ಏನು ಫಲ ಸಿಕ್ಕಿತು ಅಂತ ಹೇಗೆ ಅಳೆಯುತ್ತೀರಿ?" ಅನ್ನುವ ಕಾಲಂನಲ್ಲಿ ಇದ್ದದ್ದು ಒಂದೇ ಸಾಲು: ಮಕ್ಕಳು ಮರುದಿನ ಮತ್ತೆ ಬರುತ್ತಾರೆ.

ನಾನು ನಾಲ್ಕು ಹಾಕಿದೆ. ಅರ್ಜಿ ಸರಿಯಾಗಿ ತುಂಬಿಲ್ಲ ಅಂತ ಷರಾ ಕೂಡ ಬರೆದೆ. ಆ ವರ್ಷ ದುಡ್ಡು ಹೋಗಿದ್ದು ದೊಡ್ಡ ಊರಿನ ಒಂದು ಸಂಸ್ಥೆಗೆ. ಅವರಲ್ಲಿ ಅರ್ಜಿ ಬರೆಯುವುದಕ್ಕೇ ಸಂಬಳದ ಮನುಷ್ಯ ಇದ್ದ.

ಅದೇ ವರ್ಷ ಆಗಸ್ಟ್‌ನಲ್ಲಿ ನವಲಗುಂದದಿಂದ ಅವ್ವ ಬಂದಿದ್ದಳು. ಸೆಲ್ಮಾದ ಸೇತುವೆ ತೋರಿಸೋಣ ಅಂತ ಕರೆದುಕೊಂಡು ಹೊರಟೆ. 1965ರ ಮಾರ್ಚ್ 7ರಂದು ಮತದಾನದ ಹಕ್ಕು ಕೇಳಿ ಹೊರಟವರನ್ನು ಪೊಲೀಸರು ಬಡಿದು ಹಾಕಿದ ಎಡ್ಮಂಡ್ ಪೆಟ್ಟಸ್ ಸೇತುವೆ. ದಾರಿಯಲ್ಲಿ ಲೌಂಡ್ಸ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ದಾಟುವಾಗ ಕಾರು ನಿಲ್ಲಿಸಿದ್ದೆ. ಅವ್ವ ಇಳಿದವಳೇ ಬಗ್ಗಿ ಒಂದು ಹೆಂಟೆ ಕೈಗೆತ್ತಿಕೊಂಡಳು. "ಇದು ನಮ್ಮ ಹೊಲದ ಮಣ್ಣ ಐತಲ್ಲೋ ತಮ್ಮಾ!" ನೋಡಿದರೆ ಹೌದು. ಬಿಸಿಲಿಗೆ ನೆಲ ಬಿರುಕು ಬಿಟ್ಟಿತ್ತು, ಬೆರಳು ತೂರುವಷ್ಟು ಅಗಲ. ಮಳೆ ಬಂದರೆ ಚಪ್ಪಲಿ ಕಿತ್ತುಕೊಳ್ಳುವ ಅದೇ ಎರೆ ಮಣ್ಣು. ಆಮೇಲೆ ಓದಿ ತಿಳಿದುಕೊಂಡೆ, ಮಣ್ಣಿನ ವಿಜ್ಞಾನಿಗಳು ನಮ್ಮ ಎರೆ ಭೂಮಿಯನ್ನೂ ಇಲ್ಲಿನ ಎಷ್ಟೋ ಹೊಲಗಳನ್ನೂ ವರ್ಟಿಸಾಲ್ ಅನ್ನುವ ಒಂದೇ ಗುಂಪಿಗೆ ಸೇರಿಸುತ್ತಾರೆ.

ಈ ಸೀಮೆಗೆ ಬ್ಲ್ಯಾಕ್ ಬೆಲ್ಟ್ ಅನ್ನುವ ಹೆಸರು ಬಂದದ್ದೇ ಮೊದಲು ಮಣ್ಣಿನಿಂದ. ಕಪ್ಪು ಮಣ್ಣು ಅಂದರೆ ಹತ್ತಿ. ಹತ್ತಿ ಬೆಳೆಯಲು ಗುಲಾಮರನ್ನು ತಂದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತೂ ಇಲ್ಲೇ ಇದ್ದಾರೆ, ಹಲವು ಕೌಂಟಿಗಳಲ್ಲಿ ಅವರೇ ಬಹುಸಂಖ್ಯಾತರು. ಭೂಮಿ ಮಾತ್ರ ಹೆಚ್ಚಿನದು ಅವರದಲ್ಲ.

ಸೆಲ್ಮಾ ನೋಡಿ ಇನ್ನೂ ಸ್ವಲ್ಪ ಮುಂದೆ ಹೋದೆವು. ರಸ್ತೆ ಪಕ್ಕ ಒಂದು ಚರ್ಚಿನ ಬೋರ್ಡು ಕಂಡಿತು. ಹೆಸರು ಎಲ್ಲೋ ಓದಿದ್ದೇನಲ್ಲ ಅನ್ನಿಸಿತು, ಆಮೇಲೆ ಹೊಳೆಯಿತು. ಕಾರು ತಿರುಗಿಸಿದೆ. ಒಳಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳು. ಎಪ್ಪತ್ತು ದಾಟಿದ ಒಬ್ಬ ಹೆಂಗಸು ಬಾಗಿಲಿಗೆ ಬಂದರು. ನಾನು ಯಾರು, ಯಾಕೆ ಬಂದೆ ಅಂತ ಕೇಳುವ ಮೊದಲೇ "ಬಾ ಬೇಬಿ, ಮೊದಲು ನಿನ್ನ ಅಮ್ಮನನ್ನು ಕೂರಿಸು" ಅಂದರು. ಅವ್ವ ಮಾಂಸ ತಿನ್ನಲ್ಲ ಅಂದಿದ್ದಕ್ಕೆ ಮೆಕ್ಕೆಜೋಳದ ಬ್ರೆಡ್ಡು, ಹುರಿದ ಬೆಂಡೆಕಾಯಿ ಬಡಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಇಬ್ಬರೂ ಬೆಂಡೆಕಾಯಿ ಬಗ್ಗೆ ಅರ್ಧ ಗಂಟೆ ಮಾತಾಡಿದರು!

ಆಮೇಲೆ ಅವರು ಒಂದು ನೋಟ್‌ಬುಕ್ ತೋರಿಸಿದರು. ಪ್ರತಿ ಮಗುವಿನ ಹೆಸರು, ಬಂದ ದಿನ, ಬರದಿದ್ದರೆ ಯಾಕೆ ಬರಲಿಲ್ಲ, ಯಾರ ಮನೆಯಲ್ಲಿ ಕರೆಂಟ್ ಇಲ್ಲ, ಯಾರಿಗೆ ಕನ್ನಡಕ ಬೇಕು. ಪಕ್ಕದ ಪುಟದಲ್ಲಿ ಖರ್ಚು, ಸೆಂಟ್ ಲೆಕ್ಕದಲ್ಲಿ. ಅರ್ಜಿಯ ಜೊತೆ ಬಂದಿತ್ತಲ್ಲ, ಅದೇ ಕೈಬರಹ. ನಮ್ಮ ಸಮಿತಿಗೆ ಆ ವರ್ಷ ಬಂದ ಅರ್ಜಿಗಳಲ್ಲಿ ಇದರಷ್ಟು ಖಚಿತವಾದ ಲೆಕ್ಕ ಇನ್ನೊಂದು ಇರಲಿಲ್ಲ ಅಂತ ಇವತ್ತು ಹೇಳಬಲ್ಲೆ. ಅವರಿಗೆ ನಿಜ ಹೇಳಿದೆ, ಅಂಕ ಹಾಕಿದವನು ನಾನೇ ಅಂತ. ಅವರು ಬೈಯಲಿಲ್ಲ. "ಮೂರು ವರ್ಷದಿಂದ ಅರ್ಜಿ ಹಾಕ್ತಾ ಇದ್ದೇವೆ, ಎಲ್ಲಾ ಕಡೆ ಹೀಗೇ" ಅಂದರು, ಅಷ್ಟೇ. ಬೈದಿದ್ದರೇ ವಾಸಿ ಇತ್ತು ಅನ್ನಿಸಿತು.

ಮನೆಗೆ ಬಂದ ಮೇಲೆ ಹುಡುಕಿ ಓದತೊಡಗಿದೆ. ನ್ಯಾಷನಲ್ ಕಮಿಟಿ ಫಾರ್ ರೆಸ್ಪಾನ್ಸಿವ್ ಫಿಲಾಂತ್ರಪಿ ಅನ್ನುವ ಸಂಸ್ಥೆ 2010ರಿಂದ 2014ರವರೆಗಿನ ಲೆಕ್ಕ ತೆಗೆದಿತ್ತು. ಫೌಂಡೇಶನ್‌ಗಳು ಕೊಡುವ ದುಡ್ಡು ತಲೆಗೆ ಇಷ್ಟು ಅಂತ ಹಂಚಿ ನೋಡಿದರೆ ದೇಶದ ಸರಾಸರಿ 451 ಡಾಲರ್. ಅಲಬಾಮಾದ ಬ್ಲ್ಯಾಕ್ ಬೆಲ್ಟ್ ಮತ್ತು ಮಿಸಿಸಿಪ್ಪಿ ಡೆಲ್ಟಾಗೆ ಬಂದದ್ದು 41 ಡಾಲರ್. ಹತ್ತರಲ್ಲಿ ಒಂದು ಪಾಲೂ ಇಲ್ಲ. ಇನ್ನೊಂದು ಅಧ್ಯಯನ 2020ರದ್ದು, ಹೊಸ ಸಂಸ್ಥೆಗಳಿಗೆ ನೆರವು ಕೊಡುವ ಎಕೋಯಿಂಗ್ ಗ್ರೀನ್ ಮತ್ತು ಬ್ರಿಡ್ಜ್‌ಸ್ಪ್ಯಾನ್ ಅನ್ನುವ ಸಲಹಾ ಸಂಸ್ಥೆ ಸೇರಿ ಮಾಡಿದ್ದು. ಎಕೋಯಿಂಗ್ ಗ್ರೀನ್‌ಗೆ ಅರ್ಜಿ ಹಾಕಿದ ಹೊಸ ಸಂಸ್ಥೆಗಳ ಪೈಕಿ ಭರವಸೆಯವು ಅಂತ ಆರಿಸಿದವುಗಳಲ್ಲೇ, ಕಪ್ಪು ಜನರು ನಡೆಸುವ ಸಂಸ್ಥೆಗಳ ಆದಾಯ ಬಿಳಿಯರು ನಡೆಸುವ ಸಂಸ್ಥೆಗಳಿಗಿಂತ 24% ಕಡಿಮೆ. ಯಾರ ಅಪ್ಪಣೆಯೂ ಇಲ್ಲದೆ ಬೇಕಾದ್ದಕ್ಕೆ ಬಳಸಬಹುದಾದ ದುಡ್ಡು ಇರುತ್ತದಲ್ಲ, ಅದು 76% ಕಡಿಮೆ. ನನಗೆ ದೊಡ್ಡದಾಗಿ ಕಂಡದ್ದು ಈ ಎರಡನೇ ಸಂಖ್ಯೆ. ಯಾಕೆಂದರೆ ಕೊಡುವವರು ದುಡ್ಡಿನ ಜೊತೆ ಹಗ್ಗವನ್ನೂ ಕೊಡುತ್ತಾರೆ. ಪುಸ್ತಕ ಕೊಳ್ಳಿ, ಆದರೆ ಸಂಬಳ ಕೊಡಬೇಡಿ. ಕಂಪ್ಯೂಟರ್ ತಗೊಳ್ಳಿ, ಕರೆಂಟ್ ಬಿಲ್ ನಿಮ್ಮದು. ಕೆಲವು ಗ್ರಾಂಟ್‌ಗಳಲ್ಲಂತೂ ಮೊದಲು ನೀವು ಖರ್ಚು ಮಾಡಿ, ರಸೀದಿ ಕಳಿಸಿ, ಆಮೇಲೆ ವಾಪಸ್ ಕೊಡುತ್ತೇವೆ ಅನ್ನುತ್ತಾರೆ. ಟೈರಿಗೇ ದುಡ್ಡಿಲ್ಲದ ಅಜ್ಜಿ ಮುಂಗಡ ಎಲ್ಲಿಂದ ತರಬೇಕು ಹೇಳಿ?

ಇದರಲ್ಲಿ ನನ್ನನ್ನು ಬಹಳ ಕಾಡಿದ್ದು ನೂರು ವರ್ಷ ಹಳೆಯ ಒಂದು ಸಂಗತಿ. ಜೂಲಿಯಸ್ ರೋಸನ್‌ವಾಲ್ಡ್ ಅಂತ ಸಿಯರ್ಸ್ ಕಂಪನಿಯ ಶ್ರೀಮಂತ. ಇದೇ ಸೀಮೆಯ ಟಸ್ಕೀಗಿಯಲ್ಲಿ ಶಾಲೆ ನಡೆಸುತ್ತಿದ್ದ ಕಪ್ಪು ಜನರ ನಾಯಕ ಬುಕರ್ ಟಿ. ವಾಷಿಂಗ್ಟನ್ ಜೊತೆ ಸೇರಿ 1912ರ ಹೊತ್ತಿಗೆ ಕಪ್ಪು ಮಕ್ಕಳಿಗೆ ಹಳ್ಳಿ ಶಾಲೆ ಕಟ್ಟಿಸಲು ಶುರು ಮಾಡಿದ. 1932ರ ಹೊತ್ತಿಗೆ 15 ರಾಜ್ಯಗಳಲ್ಲಿ ಹತ್ತಿರ ಹತ್ತಿರ 5,000 ಶಾಲೆ. ರೋಸನ್‌ವಾಲ್ಡ್ ಶಾಲೆಗಳು ಅಂತಲೇ ಹೆಸರು. ಆದರೆ ಲೆಕ್ಕ ನೋಡಿ. ಅವನ ಫಂಡ್ ಕೊಟ್ಟಿದ್ದು ಸುಮಾರು 43 ಲಕ್ಷ ಡಾಲರ್. ಆ ಬಡ ಕಪ್ಪು ಜನ ತಾವೇ ಕೂಡಿಸಿದ್ದು ಸುಮಾರು 47 ಲಕ್ಷ! ತೆರಿಗೆ ಬೇರೆ ಕಟ್ಟಿ, ಅದರ ಮೇಲೆ ಇದು. ಮರ ಕೊಟ್ಟರು, ಮೈಮುರಿದು ಕಟ್ಟಿದರು, ಶಾಲೆಗೆ ಅಂತಲೇ ಒಂದು ತುಂಡು ಹೊಲದಲ್ಲಿ ಹತ್ತಿ ಬೆಳೆದು ಮಾರಿದರು. ಅಲಬಾಮಾದ ಒಂದು ಊರಲ್ಲಿ ಶಾಲೆಗೆ ಚಂದಾ ಎತ್ತುವ ಸಭೆ. ಗುಲಾಮಗಿರಿಯ ಕಾಲ ಕಂಡಿದ್ದ ಒಬ್ಬ ಮುದುಕ ಎದ್ದು ಬಂದು, ಜಿಡ್ಡು ಹಿಡಿದ ಹಳೆಯ ಚೀಲ ತೆಗೆದು ಮೇಜಿನ ಮೇಲೆ ಸುರಿದನಂತೆ. ಜೀವನವಿಡೀ ಕೂಡಿಸಿದ್ದು, 38 ಡಾಲರ್. ನನ್ನ ಮೊಮ್ಮಕ್ಕಳ ಮಕ್ಕಳಿಗಾದರೂ ದಾರಿ ಆಗಲಿ ಅಂತ ಇದ್ದದ್ದೆಲ್ಲ ಕೊಟ್ಟುಬಿಟ್ಟ.

ಅಂಥ ಜನರ ಮರಿಮಕ್ಕಳಿಗೆ ದುಡ್ಡು ನಿಭಾಯಿಸಲು ಬರುತ್ತದಾ ಅಂತ ನಾವು ಕಾಲಂ ಮಾಡಿ ಕೇಳುತ್ತೇವೆ.

ಇಲ್ಲಿ ಕೆಲಸ ಮಾಡಿದ ಸಂಘಗಳೇನು ಕಡಿಮೆಯಾ? ವಿಲ್ಕಾಕ್ಸ್ ಕೌಂಟಿಯ ಹೆಂಗಸರು 1966ರಲ್ಲಿ ಫ್ರೀಡಂ ಕ್ವಿಲ್ಟಿಂಗ್ ಬೀ ಅಂತ ಕೌದಿ ಹೊಲಿಯುವ ಸಹಕಾರಿ ಸಂಘ ಕಟ್ಟಿದರು. ದುಡಿಮೆಯಲ್ಲಿ ಜಮೀನು ಕೊಂಡರು. ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದಕ್ಕೆ ಧಣಿಗಳು ಒಕ್ಕಲೆಬ್ಬಿಸಿದ ಕುಟುಂಬಗಳಿಗೆ ಅದರಲ್ಲೇ ಜಾಗ ಮಾರಿದರು. ಲೌಂಡ್ಸ್ ಕೌಂಟಿಯ ಮಗಳು ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ಇನ್ನೊಬ್ಬರು. ಈ ಜಿಗುಟು ಮಣ್ಣಲ್ಲಿ ನೀರು ಇಂಗುವುದಿಲ್ಲ, ಸಾಮಾನ್ಯ ಸೆಪ್ಟಿಕ್ ಟ್ಯಾಂಕ್ ನಿಲ್ಲುವುದಿಲ್ಲ, ಸರಿಯಾದದ್ದು ಹಾಕಿಸಲು ಸಾವಿರಾರು ಡಾಲರ್ ಬೇಕು. ಹಾಗಾಗಿ ಎಷ್ಟೋ ಮನೆಗಳ ಹೊಲಸು ನೀರು ಹಿತ್ತಲಿಗೇ ಬರುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಲ್ಲಿನ 55 ಜನರನ್ನು ಪರೀಕ್ಷಿಸಿದರೆ 19 ಜನರಲ್ಲಿ ಕೊಕ್ಕೆಹುಳುವಿನ ಸುಳಿವು ಸಿಕ್ಕಿತು. ಇದನ್ನು ದೇಶದ ಕಣ್ಣಿಗೆ ಬೀಳಿಸಿದವರಲ್ಲಿ ಆಕೆ ಮೊದಲಿಗರು. 2023ರ ಮೇನಲ್ಲಿ ಈ ಹೊಲಸು ನೀರಿನ ಸಮಸ್ಯೆ ಸರಿಪಡಿಸಲು ಕೇಂದ್ರದ ನ್ಯಾಯ ಇಲಾಖೆ ರಾಜ್ಯದ ಆರೋಗ್ಯ ಇಲಾಖೆ ಜೊತೆ ಒಪ್ಪಂದ ಮಾಡಿಕೊಂಡಿತು. ಸರ್ಕಾರ ಬದಲಾಯಿತು, 2025ರ ಏಪ್ರಿಲ್‌ನಲ್ಲಿ ಆ ಒಪ್ಪಂದವನ್ನೇ ಕೈಬಿಟ್ಟರು. ಸರ್ಕಾರ ಬರುತ್ತದೆ, ಹೋಗುತ್ತದೆ. ಊರಲ್ಲಿ ಉಳಿಯುವುದು ಊರಿನ ಸಂಘ ಮಾತ್ರ.

ಹಾಗಾದರೆ ಏನು ಮಾಡಬೇಕು? ಮಾಡುತ್ತಿರುವವರು ಇಲ್ಲೇ ಇದ್ದಾರೆ. ಸೆಲ್ಮಾದಲ್ಲಿ ಬ್ಲ್ಯಾಕ್ ಬೆಲ್ಟ್ ಕಮ್ಯುನಿಟಿ ಫೌಂಡೇಶನ್ ಅಂತ ಇದೆ, 2004ರಲ್ಲಿ ಶುರುವಾದದ್ದು. 12 ಕೌಂಟಿ ಅದರ ವ್ಯಾಪ್ತಿ. ನಮ್ಮಲ್ಲಿ ಏನಿದೆಯೋ ಅದರಿಂದಲೇ ನಮಗೆ ಬೇಕಾದ್ದನ್ನು ಮಾಡಿಕೊಳ್ಳೋಣ ಅನ್ನುವುದು ಅವರ ಮಾತು. ಕೌಂಟಿಗಳಲ್ಲಿ ಅಲ್ಲಿಯದೇ ಸ್ವಯಂಸೇವಕರಿದ್ದಾರೆ. ಯಾವ ಸಂಘ ನಿಜವಾಗಿ ಕೆಲಸ ಮಾಡುತ್ತಿದೆ, ಯಾರ ವ್ಯಾನು ಕೆಟ್ಟು ನಿಂತಿದೆ ಅಂತ ಇಂಥವರಿಗೆ ಅರ್ಜಿ ಓದದೆಯೂ ಗೊತ್ತಿರುತ್ತದೆ. 2023ರ ಜನವರಿ 12ರಂದು ಸೆಲ್ಮಾಗೆ ಸುಂಟರಗಾಳಿ ಹೊಡೆದಾಗ ಇವರು ಪರಿಹಾರ ನಿಧಿ ತೆರೆದರು. ಹೊರಗಿಂದ ಬಂದವರಿಗೆ ಊರಿನ ದಾರಿ ಕೇಳಬೇಕಾಗುತ್ತದೆ. ಇವರು ಊರಿನವರೇ.

ನನ್ನ ವಾದ ಇಷ್ಟೇ. ದುಡ್ಡು ಯಾರದೇ ಇರಲಿ, ಯಾರಿಗೆ ಕೊಡಬೇಕು ಅನ್ನುವ ತೀರ್ಮಾನ ಆ ಊರಲ್ಲಿ ಬಾಳುವವರ ಕೈಯಲ್ಲಿ ಇರಬೇಕು. ನನ್ನಂಥವನು ಆಫೀಸಿನಲ್ಲಿ ಕಾಫಿ ಕುಡಿಯುತ್ತ ಅಂಕ ಹಾಕುವುದು ನಿಲ್ಲಬೇಕು.

ಕೇಳುವವರು ಕೇಳುತ್ತಾರೆ, ದುಡ್ಡು ತಿಂದರೆ? ತಿನ್ನುವವರು ಎಲ್ಲಾ ಕಡೆ ಇದ್ದಾರೆ. ದೊಡ್ಡ ವರದಿ ಬರೆಯಲು ಬರುವವರಿಗೆ ಮುಚ್ಚಿಡಲೂ ಚೆನ್ನಾಗಿ ಬರುತ್ತದೆ. 5,000 ಡಾಲರಿಗೆ 20 ಪುಟದ ಅರ್ಜಿ ಕೇಳಿದರೆ ಕಳ್ಳ ತಪ್ಪಿಸಿಕೊಳ್ಳುತ್ತಾನೆ, ಅಜ್ಜಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಒಂದು ಸಲ ಹೋಗಿ ನೋಡಿ, ಆ ನೋಟ್‌ಬುಕ್ ತೆರೆಸಿ. ಸಾಕು.

ಇನ್ನೊಂದು ಪ್ರಶ್ನೆ, ಕಪ್ಪು ಜನರ ಸಂಸ್ಥೆಗಳಿಗೇ ಯಾಕೆ? ಇದು ಈಗ ಕೋರ್ಟಿನವರೆಗೂ ಹೋಗಿದೆ. ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಕಪ್ಪು ಮಹಿಳೆಯರ ಸಣ್ಣ ಉದ್ಯಮಗಳಿಗೆ 20,000 ಡಾಲರ್ ಗ್ರಾಂಟ್ ಕೊಡುತ್ತಿತ್ತು. ಬಣ್ಣ ನೋಡಿ ಕೊಡುವುದು ತಾರತಮ್ಯ ಅಂತ 2023ರಲ್ಲಿ ಕೇಸ್ ಬಿತ್ತು. 2024ರ ಜೂನ್‌ನಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಡೆಯಿತು, ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಆ ಯೋಜನೆಯೇ ಮುಚ್ಚಿತು. ಆಧಾರ ಮಾಡಿಕೊಂಡ ಕಾನೂನು ಯಾವುದು ಗೊತ್ತಾ? 1866ರದ್ದು, ಆಗಷ್ಟೇ ಬಿಡುಗಡೆಯಾದ ಗುಲಾಮರ ರಕ್ಷಣೆಗೆ ಅಂತ ಮಾಡಿದ ಕಾನೂನು. ಓದಿದಾಗ ನನಗೆ ಸಂಕಟ ಆಯಿತು. ಅದು ಉದ್ಯಮದ ವಿಷಯ ನಿಜ, ಆದರೆ ಅದರ ಹೆದರಿಕೆ ದಾನ ಕೊಡುವವರ ಕಡೆಗೂ ಹಬ್ಬಿದೆ. ನಮ್ಮ ಸಮಿತಿಯಲ್ಲೂ ಕೆಲವು ಪದ ಬರೆಯಬೇಡಿ ಅಂದರು. ನಾನು ಹೇಳುವುದು, ಬಣ್ಣ ಬರೆಯುವುದು ಕಷ್ಟವಾದರೆ ಊರಿನ ಹೆಸರು ಬರೆಯಿರಿ. ತಲೆಗೆ 41 ಡಾಲರ್ ಬಂದ ಊರುಗಳಿಗೆ ಮೊದಲು ಕೊಡಿ. ಅಲ್ಲಿ ಕೆಲಸ ಮಾಡುತ್ತಿರುವವರು ಯಾರು ಅಂತ ಹೋದರೆ ಕಾಣುತ್ತದೆ.

ನಮ್ಮ ಕನ್ನಡದ ಗೆಳೆಯರಿಗೂ ಒಂದು ಮಾತು. ಇದು ನಮಗೆ ದೂರದ ಕಥೆ ಅಲ್ಲ. 1965ರಲ್ಲಿ ಲೌಂಡ್ಸ್ ಕೌಂಟಿಯ ಕಪ್ಪು ಜನ ತಮ್ಮದೇ ಪಕ್ಷ ಕಟ್ಟಿ ಕಪ್ಪು ಚಿರತೆಯನ್ನು ಗುರುತು ಮಾಡಿಕೊಂಡರು. ಮರುವರ್ಷ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಆ ಗುರುತನ್ನು ತೆಗೆದುಕೊಂಡಿತು. 1972ರಲ್ಲಿ ಮುಂಬೈನಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಹೆಸರು ಅಲ್ಲಿಂದ ಬಂತು. ನಮ್ಮ ದಲಿತ ಸಂಘರ್ಷ ಸಮಿತಿ ಎದ್ದದ್ದೂ ಅದೇ ದಶಕದಲ್ಲಿ. ಅವ್ವ ಹೆಂಟೆ ಎತ್ತಿಕೊಂಡ ಆ ರಸ್ತೆ ಬದಿಯಿಂದ ಹೊರಟ ಗುರುತು ನಮ್ಮ ಕಡೆವರೆಗೂ ಬಂದಿದೆ, ಅಲ್ವಾ?

ನಾವು ಊರಿಗೆ ಕೊಡುವಾಗಲೂ ಇದೇ ತಪ್ಪು ಮಾಡುತ್ತೇವೆ. ಶಾಲೆಗೆ ಕೋಣೆ ಕಟ್ಟಿಸಿ ಹೆಸರಿನ ಕಲ್ಲು ಹಾಕಿಸುತ್ತೇವೆ, ಕಸ ಗುಡಿಸುವವಳ ಸಂಬಳಕ್ಕೆ ಕೊಡಲ್ಲ. ಒಂದು ವರ್ಷ ಕೊಟ್ಟು ಮರುವರ್ಷ ಹೊಸಬರನ್ನು ಹುಡುಕುತ್ತೇವೆ. ದಯವಿಟ್ಟು ಸಂಬಳಕ್ಕೆ ಕೊಡಿ, ಬಾಡಿಗೆಗೆ ಕೊಡಿ, ಟೈರಿಗೆ ಕೊಡಿ, ಐದು ವರ್ಷ ಬಿಡದೆ ಕೊಡಿ.

ಈ ವರ್ಷದ ಸಮಿತಿ ಮುಂದಿನ ತಿಂಗಳು ಕೂರುತ್ತದೆ. ಅಂಕ ಹಾಕಲು ಆ ಕೌಂಟಿಗಳಿಂದಲೇ ಇಬ್ಬರನ್ನು ಕರೆಯಬೇಕು, ಅವರ ದಿನದ ಕೂಲಿ ಕಂಪನಿ ಕೊಡಬೇಕು, ಕೈಬರಹದ ಲೆಕ್ಕ ಒಪ್ಪಬೇಕು ಅಂತ ಬರೆದು ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ವ್ಯಾನಿನ ಟೈರಿಗೆ ನಾನು, ನನ್ನ ಹೆಂಡತಿ, ಮೂವರು ಗೆಳೆಯರು ಸೇರಿ ಕೊಟ್ಟೆವು. ಅದು ಒಂದು ವರ್ಷದ ಮಾತಾಯಿತು. ಅಡುಗೆಯವರ ಸಂಬಳ ಇನ್ನೂ ಬಾಕಿ ಇದೆ.

ಬರುವ ಗುರುವಾರ ಮಧ್ಯಾಹ್ನ ಮತ್ತೆ ಆ ಕಡೆ ಹೊರಟಿದ್ದೇನೆ. ಮಾಂಟ್‌ಗೊಮರಿ, ಆಬರ್ನ್ ಕಡೆಯವರು ಯಾರಾದರೂ ಬರುವುದಾದರೆ ಮೆಸೇಜ್ ಮಾಡಿ, ಕಾರಲ್ಲಿ ಮೂರು ಸೀಟು ಇದೆ. ಮಕ್ಕಳಿಗೆ ಗಣಿತ ಹೇಳಿಕೊಡಲು ಬರುವವರಿದ್ದರೆ ಇನ್ನೂ ಒಳ್ಳೆಯದು.