ಸ್ಲೀಪರ್ ಬಸ್ ಹತ್ತಿ ಪರದೆ ಎಳೆಯುವ ಮುಂಚೆ

ಹಬ್ಬಕ್ಕೆ ಊರಿಗೆ ಹೊರಟವರು ಬಸ್ ಬುಕ್ ಮಾಡುವಾಗ ನೋಡುವುದು ಎರಡೇ: ರೇಟು, ಆಮೇಲೆ ಫೋಟೋದಲ್ಲಿ ಕಾಣುವ ಹಾಸಿಗೆ. ಎಮರ್ಜೆನ್ಸಿ ಬಾಗಿಲು ಎಲ್ಲಿದೆ ಅಂತ ಬಸ್ ಹತ್ತಿದ ಮೇಲಾದರೂ ಯಾರೂ ನೋಡಲ್ಲ.

2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲಿನ ಹತ್ತಿರ ಹೈದರಾಬಾದ್–ಬೆಂಗಳೂರು ಬಸ್ ಸುಟ್ಟುಹೋಯಿತಲ್ಲ, ಅಲ್ಲಿ ಬಸ್ಸಿನಡಿ ಸಿಕ್ಕ ಬೈಕಿನಿಂದ ಕಿಡಿ ಎದ್ದು ಬೆಂಕಿ ಹತ್ತಿತು. ಬದುಕಿದವರಲ್ಲಿ ಹೆಚ್ಚಿನವರು ಕಿಟಕಿ ಒಡೆದುಕೊಂಡು ಹಾರಿದವರು. ಈ ಬಸ್ಸುಗಳ ಮುಂಬಾಗಿಲು ಗಾಳಿಯ ಒತ್ತಡದಿಂದಲೋ ಕರೆಂಟಿನಿಂದಲೋ ತೆರೆಯುತ್ತದೆ. ವೈರು ಸುಟ್ಟರೆ, ಏರ್ ಪೈಪ್ ಕಿತ್ತರೆ ಬಾಗಿಲು ಜಾಮ್. ಹಾಗಾಗಿ ಹತ್ತಿದ ಕೂಡಲೇ ಎರಡು ನಿಮಿಷ ಮೂರು ವಸ್ತು ಹುಡುಕಿ: ಎಮರ್ಜೆನ್ಸಿ ಬಾಗಿಲು (ಅದಕ್ಕೆ ಅಡ್ಡ ಬರ್ತ್ ಕೂರಿಸಿದ್ದಾರಾ, ಲಗೇಜ್ ಪೇರಿಸಿದ್ದಾರಾ ನೋಡಿ), ಚಾವಣಿಯ ಕಿಂಡಿ, ಗಾಜು ಒಡೆಯುವ ಸುತ್ತಿಗೆ. ಸುತ್ತಿಗೆಯ ಜಾಗದಲ್ಲಿ ಬರೀ ಕೊಕ್ಕೆ ನೇತಾಡುತ್ತಿದ್ದರೆ ಕ್ಲೀನರ್‌ನನ್ನು ಕೇಳಿ. ಕದ್ದುಹೋಗುತ್ತೆ ಅಂತ ಡ್ರೈವರ್ ಕ್ಯಾಬಿನ್ನಿನಲ್ಲಿ ಬಚ್ಚಿಟ್ಟಿರುತ್ತಾರೆ. ಅಲ್ಲಿಟ್ಟು ಯಾರಿಗೆ ಪ್ರಯೋಜನವೋ!

ಗಾಜು ಒಡೆಯಬೇಕಾಗಿ ಬಂದರೆ ನಡುವೆ ಹೊಡೆಯಬೇಡಿ. ಪಕ್ಕದ ಕಿಟಕಿಗಳದ್ದು ಟಫನ್ಡ್ ಗಾಜು. ನಡುವೆ ಗುದ್ದಿದರೆ ಬಾಗಿ ಏಟು ನುಂಗುತ್ತದೆ, ಮೂಲೆಯಲ್ಲಿ ಚೂಪಾದ ತುದಿಯಿಂದ ಹೊಡೆದರೆ ಪುಡಿಪುಡಿಯಾಗುತ್ತದೆ. ಮುಂದಿನ ದೊಡ್ಡ ಗಾಜಿನ ತಂಟೆಗೆ ಹೋಗಬೇಡಿ, ಅದರೊಳಗೆ ಪದರ ಇರುತ್ತದೆ, ಬಿರುಕು ಬಿಟ್ಟರೂ ಕಳಚುವುದಿಲ್ಲ.

ಬರ್ತ್ ಆರಿಸುವಾಗ ಕೆಳಗಿನದು, ಬಸ್ಸಿನ ನಡುಭಾಗದ್ದು ಒಳ್ಳೆಯದು. ಹೊಗೆ ಮೊದಲು ತುಂಬುವುದು ಮೇಲೆ. ಮೇಲಿನ ಬರ್ತ್ ಕತ್ತಲಲ್ಲಿ ಇಳಿಯುವುದಕ್ಕೂ ಕಷ್ಟ, ಘಾಟಿಯಲ್ಲಿ ಓಲಾಟವೂ ಜಾಸ್ತಿ. ಕಾಲು ಡ್ರೈವರ್ ಕಡೆ, ತಲೆ ಹಿಂದಕ್ಕೆ ಇಟ್ಟು ಮಲಗಿ. ಗಟ್ಟಿ ಬ್ರೇಕ್ ಹಾಕಿದಾಗ ಏಟು ಬೀಳುವುದು ಕಾಲಿಗೆ, ಕುತ್ತಿಗೆಗಲ್ಲ. ಚಪ್ಪಲಿ ಬರ್ತ್ ಪಕ್ಕದಲ್ಲೇ ಇರಲಿ, ಕನ್ನಡಕ ಮತ್ತು ಫೋನು ಜೇಬಿನಲ್ಲಿರಲಿ, ಚಾರ್ಜರಿಗೆ ನೇತುಹಾಕಿ ಮಲಗಬೇಡಿ.

ಬಸ್ಸಿನ ನಂಬರ್ ಎಸ್ಸೆಮ್ಮೆಸ್‌ನಲ್ಲಿ ಬಂದೊಡನೆ ಎಂ-ಪರಿವಾಹನ್ ಆಪ್‌ನಲ್ಲಿ ಹಾಕಿ. ಫಿಟ್‌ನೆಸ್, ವಿಮೆ ಎಂದಿನವರೆಗೆ ಇದೆ ಅಂತ ತೋರಿಸುತ್ತದೆ. ನಾಗಾಲ್ಯಾಂಡ್, ಅರುಣಾಚಲದ ನಂಬರ್ ಕಂಡರೆ ಗಾಬರಿ ಬೇಡ, ಅದು ತೆರಿಗೆ ಉಳಿಸುವ ಲೆಕ್ಕಾಚಾರ. ನೋಡಬೇಕಾದ್ದು ತಾರೀಖು. ಎರಡನೇ ಡ್ರೈವರ್ ಇದ್ದಾರಾ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಬೆಳಗಿನ ಜಾವ ಎರಡರಿಂದ ಐದರವರೆಗೆ ನಿದ್ದೆ ಯಾರನ್ನೂ ಬಿಡುವುದಿಲ್ಲ. ಡಿಕ್ಕಿಗೆ ಬೈಕ್ ತುಂಬುತ್ತಿದ್ದರೆ ಪೆಟ್ರೋಲ್ ಖಾಲಿ ಮಾಡಿದ್ದೀರಾ ಅಂತಲೂ ಕೇಳಿ.

ದುಡ್ಡಿನ ವಿಚಾರ. ಹಬ್ಬದ ಹಿಂದಿನ ರಾತ್ರಿ ಖಾಸಗಿ ಬಸ್ಸಿನ ರೇಟು ಎರಡು ಮೂರು ಪಟ್ಟು ಏರುವುದು ಎಲ್ಲರಿಗೂ ಗೊತ್ತು, ಆದರೂ ಕೊನೆ ವಾರದಲ್ಲೇ ಹುಡುಕುತ್ತೇವೆ. ರೈಲಿನ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಸ್ಲೀಪರ್ ಬೋಗಿಯ ತತ್ಕಾಲ್ ಹಿಂದಿನ ದಿನ ಬೆಳಿಗ್ಗೆ 11ಕ್ಕೆ, ಎಸಿದು 10ಕ್ಕೆ. ಆನ್‌ಲೈನ್ ತತ್ಕಾಲ್‌ಗೆ ಈಗ ಆಧಾರ್ ಜೋಡಣೆ ಕಡ್ಡಾಯ, ಅದನ್ನು 10:55ಕ್ಕೆ ಮಾಡಲು ಕೂತರೆ ಟಿಕೆಟ್ ಹೋಯಿತು ಅಂತಲೇ ಲೆಕ್ಕ. ರೈಲು ಟಿಕೆಟ್ ಜೊತೆ 45 ಪೈಸೆಯ ವಿಮೆಗೆ ಟಿಕ್ ಹಾಕಿದ ಮೇಲೆ ಬರುವ ಲಿಂಕ್‌ನಲ್ಲಿ ನಾಮಿನಿ ಹೆಸರು ತುಂಬಿ. ಮುಕ್ಕಾಲು ಜನ ಅದನ್ನು ತೆರೆಯುವುದೇ ಇಲ್ಲ ಅನಿಸುತ್ತದೆ.

ಕೆಎಸ್‌ಆರ್‌ಟಿಸಿಯಲ್ಲಿ ನಾಲ್ಕು ಜನರದ್ದು ಒಂದೇ ಟಿಕೆಟ್ ಮಾಡಿಸಿದರೆ ಶೇ 5, ಹೋಗಿಬರುವುದು ಒಟ್ಟಿಗೆ ಮಾಡಿಸಿದರೆ ವಾಪಸ್ ಟಿಕೆಟ್‌ಗೆ ಶೇ 10 ರಿಯಾಯಿತಿ ಇದೆ. ಶಕ್ತಿ ಯೋಜನೆ ರಾಜಹಂಸಕ್ಕೂ ಸ್ಲೀಪರ್‌ಗೂ ಅನ್ವಯಿಸಲ್ಲ, ಕೆಂಪು ಬಸ್ಸಿಗೆ ಮಾತ್ರ. ಹಗಲಲ್ಲೇ ಹೊರಟರೆ ಹೆಂಗಸರಿಗೆ ಊರು ತಲುಪುವ ಖರ್ಚು ಸೊನ್ನೆ, ನಿದ್ದೆಗಣ್ಣಿನ ಡ್ರೈವರ್ ಭಯವೂ ಕಡಿಮೆ.

ಇನ್ನೊಂದು. ಹುಬ್ಬಳ್ಳಿ, ದಾವಣಗೆರೆ ಕಡೆಯವರು ಬೆಂಗಳೂರಿನ ಆನಂದರಾವ್ ಸರ್ಕಲ್‌ನಲ್ಲಿ ಹತ್ತಿದರೆ ಬಸ್ ಒಂದೊಂದು ಪಿಕಪ್ಪಿಗೂ ನಿಂತು ನಿಂತು ತುಮಕೂರು ರಸ್ತೆಗೆ ಬರುವಷ್ಟರಲ್ಲಿ ಗಂಟೆ ಕಳೆದಿರುತ್ತದೆ. ಮೆಟ್ರೋದಲ್ಲಿ ಗೊರಗುಂಟೆಪಾಳ್ಯಕ್ಕೆ ಹೋಗಿ ಹತ್ತಿ.