ಊಟ ಮಾಡಿಸಲು ಆನೆಯನ್ನು ಕರೆಯಬೇಡಿ

ಮೊನ್ನೆ ನೆಂಟರ ಮನೆಯ ನಾಮಕರಣದಲ್ಲಿ ನಾನು ಹೇಳಿದ್ದು ಒಂದೇ ಮಾತು: ಮಗುವಿಗೆ ಊಟ ಮಾಡಿಸಲು ಆನೆಯನ್ನು ಕರೆಯಬೇಡಿ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. "ನಿನ್ನದೆಲ್ಲ ಅತಿಯಾಯಿತು, ಮಕ್ಕಳನ್ನು ಸಾಕುವುದು ಈ ಊರಿಗೆ ಹೊಸದೇ?" ಎಂದರು ಹಿರಿಯರೊಬ್ಬರು. ಶುಭಕಾರ್ಯದ ಮನೆಯಲ್ಲಿ ವಾದ ಬೇಡವೆಂದು ಎದ್ದು ಕೈತೊಳೆದುಕೊಂಡೆ. ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಪೂರ್ತಿ ಹೇಳುತ್ತಿದ್ದೇನೆ.

ಆದದ್ದು ಇಷ್ಟು. ನಾಮಕರಣದ ಕೂಸಲ್ಲ, ಅಲ್ಲಿದ್ದ ಇನ್ನೊಂದು ಮಗು, ಅದಕ್ಕೆ ಎರಡೂವರೆ ವರ್ಷ. ಅನ್ನ ಸಾರು ಕಲಸಿದ ಬಟ್ಟಲು ಹಿಡಿದು ತಾಯಿ ಹಿಂದೆ ಹಿಂದೆ ತಿರುಗುತ್ತಿದ್ದಳು, ಅದು ಬಾಯಿ ಬಿಗಿದುಕೊಂಡಿತ್ತು. ಆಗ ಮನೆಯವರೇ ಒಬ್ಬರು ಬಾಗಿಲ ಹಿಂದೆ ನಿಂತು ಹಲಗೆಗೆ ಧಬಧಬನೆ ಗುದ್ದಿದರು. "ಆನೆ ಬಂತು! ಊಟ ಮಾಡದವರನ್ನು ಎತ್ತಿಕೊಂಡು ಹೋಗುತ್ತದಂತೆ!" ಮಗು ಬಾಯಿ ತೆರೆಯಿತು, ತುತ್ತು ಒಳಗೆ ಹೋಯಿತು. ಇನ್ನೊಂದು ಗುದ್ದು, ಇನ್ನೊಂದು ತುತ್ತು. ಅದು ಅಗಿಯುತ್ತಿರಲಿಲ್ಲ, ನುಂಗುತ್ತಲೂ ಇರಲಿಲ್ಲ. ಎರಡೂ ಕೆನ್ನೆ ಉಬ್ಬಿ, ತುಟಿಯ ಅಂಚಿನಿಂದ ಸಾರು ಗಲ್ಲಕ್ಕೆ ಇಳಿಯುತ್ತಿತ್ತು. ಕಣ್ಣು ಬಾಗಿಲ ಸಂದಿಯನ್ನು ಬಿಟ್ಟು ಕದಲಲಿಲ್ಲ. ಅಮ್ಮನ ಸೆರಗನ್ನು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ ಪುಟ್ಟ ಬೆರಳುಗಳ ಗೆಣ್ಣು ಬೆಳ್ಳಗಾಗಿದ್ದವು. ಯಾರೋ ಇದನ್ನೆಲ್ಲ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ಬಟ್ಟಲು ಖಾಲಿಯಾಯಿತು, ಎಲ್ಲರಿಗೂ ನೆಮ್ಮದಿಯಾಯಿತು. ಹೆದರಿ ಬಿಕ್ಕುವ ಮಗುವಿನ ಬಾಯಲ್ಲಿ ಅನ್ನ ತುಂಬಿದರೆ ಗಂಟಲಿಗೆ ಸಿಕ್ಕಿ ಉಸಿರು ಕಟ್ಟಬಹುದು ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಬೆಂಗಳೂರಿನ ಎಂಟನೇ ಮಹಡಿಯ ಮನೆಯಲ್ಲಿ ಕುಳಿತು ಯಾರಾದರೂ ಮಗುವಿಗೆ ಆನೆ ಬಂತು ಎಂದರೆ ಅದೊಂದು ಸುಳ್ಳು, ಅಷ್ಟೇ. ನಮ್ಮಲ್ಲಿ ಹಾಗಲ್ಲ. ನಮ್ಮ ಮನೆ ಎಲ್ಲಿದೆಯೆಂದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಕೊಡಗಿನ ಸಿದ್ದಾಪುರ, ಮಾಲ್ದಾರೆ, ಚೆನ್ನಯ್ಯನಕೋಟೆ, ಅತ್ತ ತಿತಿಮತಿ, ಬಾಳೆಲೆ, ಈ ಕಡೆಯವರಿಗೆ ಆನೆ ಕಥೆಯಲ್ಲಿ ಬರುವ ಪ್ರಾಣಿಯಲ್ಲ. ಬೇಸಿಗೆಯಲ್ಲಿ ತೋಟದ ಕೆರೆಗೆ ಬರುತ್ತದೆ, ಹಲಸು ಹಣ್ಣಾದಾಗ ಬರುತ್ತದೆ, ಈಗ ಭತ್ತ ತೆನೆಗಟ್ಟಿರುವಾಗ ಗದ್ದೆಗೇ ಇಳಿಯುತ್ತದೆ. ಕಂದಕ ತೋಡಿದ್ದಾರೆ, ಸೋಲಾರ್ ಬೇಲಿ ಹಾಕಿದ್ದಾರೆ. ರೈಲೇ ಓಡದ ಜಿಲ್ಲೆಯಲ್ಲಿ ಹಳೆಯ ರೈಲು ಹಳಿಗಳನ್ನು ತಂದು ಕಾಡಂಚಿನಲ್ಲಿ ತಡೆಗೋಡೆಯಾಗಿ ನೆಟ್ಟಿದ್ದಾರೆ. ಆದರೂ ಬರುತ್ತದೆ. ತೋಟದ ಕೆಲಸಕ್ಕೆ ಹೊರಟವರು ಸಂಜೆ ಮನೆ ಸೇರದ ದಿನಗಳನ್ನು ಕಂಡವರು ನಾವು. ನಾಮಕರಣದ ದಿನ ಸಂಜೆಯೇ ಊರಿನ ವಾಟ್ಸಾಪ್ ಗುಂಪಿಗೆ ಸಂದೇಶ ಬಂತು: ಮರಿಯಿರುವ ಗುಂಪು ತೋಟದ ಕೆಳಭಾಗದಲ್ಲಿದೆ, ಬೈಕಿನಲ್ಲಿ ಹೋಗುವವರು ಎಚ್ಚರ. ಮಧ್ಯಾಹ್ನ ಬಾಗಿಲು ಗುದ್ದಿದ ಕೈಗಳೇ ಅವಸರದಲ್ಲಿ ಅದೇ ಬಾಗಿಲಿಗೆ ಅಗಣಿ ಹಾಕಿದವು. ಈಗ ಹೇಳಿ, ಆ ಮಗು ಯಾವುದನ್ನು ನಂಬಬೇಕು?

ನನ್ನ ತಕರಾರು ಇದೊಂದೇ. ಆನೆ ಬಂತು ಎಂಬ ಮಾತು ನಮ್ಮ ಊರಿನಲ್ಲಿ ಯಾವಾಗಲೂ ನಿಜವಾಗಿರಬೇಕು. ಅದನ್ನು ಕೇಳಿದ ಕೂಡಲೇ ಮೂರು ವರ್ಷದ ಮಗುವೂ ಆಟ ಬಿಟ್ಟು ಒಳಗೆ ಬರಬೇಕು, ಸದ್ದು ಮಾಡದೆ ಅಮ್ಮನ ಪಕ್ಕ ಕೂರಬೇಕು. ದಿನಕ್ಕೆ ಮೂರು ಹೊತ್ತು ಅನ್ನದ ಜೊತೆ ಅದನ್ನೇ ತಿನ್ನಿಸಿದರೆ ಎರಡರಲ್ಲಿ ಒಂದಾಗುತ್ತದೆ. ಮಗು ಸ್ವಲ್ಪ ಬೆಳೆದು, ಇದೆಲ್ಲ ಸುಳ್ಳು ಎಂದು ಕಂಡುಕೊಂಡು, ನಿಜವಾದ ಆನೆ ಬಂದ ದಿನ ಅಂಗಳದಲ್ಲೇ ನಿಲ್ಲುತ್ತದೆ. ಇಲ್ಲವೇ ಭಯ ಎಷ್ಟು ಆಳಕ್ಕೆ ಇಳಿದಿರುತ್ತದೆಂದರೆ ಆ ಹೊತ್ತಿನಲ್ಲಿ ಕಿರುಚಿಕೊಂಡು ಎತ್ತಲೋ ಓಡುತ್ತದೆ. ಆನೆ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ. ಕಿರುಚಾಡುವುದು, ಓಡುವುದು ಎರಡೂ ಮಾಡಬಾರದ ಕೆಲಸಗಳೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ?

ನನಗೆ ಆನೆಯ ಭಯವಿದೆ. ಹೇಳಿಕೊಳ್ಳಲು ಸಂಕೋಚವಿಲ್ಲ. ನಮ್ಮವರು ಮಂಜು ಬಿಡುವ ಮೊದಲೇ ಸ್ಕೂಟರ್ ತೆಗೆದು ಹಾಲು ಹಾಕಲು ಹೋದರೆ ತಿರುಗಿ ಬರುವ ತನಕ ನನ್ನ ಕಿವಿ ರಸ್ತೆಯ ಕಡೆಗೇ ಇರುತ್ತದೆ. ಒಲೆಯ ಮೇಲೆ ಏನಿದೆ ಎಂಬುದು ನೆನಪಿರುವುದಿಲ್ಲ. ಎಷ್ಟೋ ರಾತ್ರಿ ದೂರದ ಗದ್ದೆಯಲ್ಲಿ ಪಟಾಕಿ ಸಿಡಿದ ಸದ್ದಿಗೆ ಎದ್ದು ಮಗಳ ಹಾಸಿಗೆಯ ಹತ್ತಿರ ಹೋಗಿ ಸುಮ್ಮನೆ ಕುಳಿತಿದ್ದೇನೆ. ಇಷ್ಟು ದೊಡ್ಡ ಭಯವನ್ನು ಎರಡು ತುತ್ತು ಅನ್ನಕ್ಕಾಗಿ ಖರ್ಚು ಮಾಡುವವರನ್ನು ಕಂಡರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

"ನಾವೂ ಗುಮ್ಮನಿಗೆ ಹೆದರಿಯೇ ಬೆಳೆದವರಲ್ಲವೇ, ನಮಗೇನಾಯಿತು?" ಇದು ಎಲ್ಲರ ಬತ್ತಳಿಕೆಯ ಮೊದಲ ಬಾಣ. ಗುಮ್ಮ ಇರಲಿಲ್ಲ, ಆದ್ದರಿಂದ ಏನೂ ಆಗಲಿಲ್ಲ. ಆನೆ ಇದೆ. ಇದಕ್ಕಿಂತ ಹೆಚ್ಚಿನ ಉತ್ತರ ಆ ಮಾತಿಗೆ ಬೇಕಿಲ್ಲ.

ಎರಡನೆಯ ಬಾಣ ತಾಯಂದಿರದು. ಹೆದರಿಸದಿದ್ದರೆ ಮಗು ತಿನ್ನುವುದೇ ಇಲ್ಲ, ಸೊರಗಿ ಹೋಗುತ್ತದೆ. ಈ ಸಂಕಟ ನನಗೆ ಅರ್ಥವಾಗುತ್ತದೆ, ನನ್ನ ಮಗಳೂ ಕಡುಬನ್ನು ಚೂರು ಚೂರು ಮಾಡಿ ತಟ್ಟೆಯ ಸುತ್ತ ಜೋಡಿಸಿ ಎದ್ದು ಹೋಗುವವಳೇ. ಆದರೆ ಲೆಕ್ಕ ನೋಡಿ. ಹುಟ್ಟಿದಾಗಿನ ತೂಕ ವರ್ಷ ತುಂಬುವಾಗ ಸುಮಾರು ಮೂರು ಪಟ್ಟಾಗುತ್ತದೆ. ಅಲ್ಲಿಂದ ಮುಂದೆ ಬೆಳವಣಿಗೆ ನಿಧಾನವಾಗಿ, ಮಗು ವರ್ಷಕ್ಕೆ ಎರಡು, ಎರಡೂವರೆ ಕಿಲೋ ಮಾತ್ರ ತೂಕ ಹೆಚ್ಚಿಸಿಕೊಳ್ಳುತ್ತದೆ. ಹಸಿವೂ ಅದಕ್ಕೆ ತಕ್ಕಂತೆ ತಗ್ಗುತ್ತದೆ. ಒಂದು ಹೊತ್ತು ತಿಂದರೆ ಇನ್ನೊಂದು ಹೊತ್ತು ಬೇಡ ಎನ್ನುವುದು ಈ ವಯಸ್ಸಿನ ಸ್ವಭಾವ. ಮಗು ಆಡಿಕೊಂಡಿದೆ, ಅಂಗನವಾಡಿಯ ಕಾರ್ಡಿನಲ್ಲಿ ತೂಕದ ಗೆರೆ ಮೇಲೇರುತ್ತಿದೆ ಎಂದಾದರೆ ಬಿಟ್ಟುಬಿಡಿ. ಏರುತ್ತಿಲ್ಲವಾದರೆ ವೈದ್ಯರಿಗೆ ತೋರಿಸಿ. ಎರಡರಲ್ಲಿ ಯಾವುದಕ್ಕೂ ಆನೆ ಬೇಕಾಗಿಲ್ಲ. ಮೊಬೈಲ್ ಕೊಡುವುದಕ್ಕಿಂತ ಇದು ವಾಸಿ ಎಂದವರೂ ಇದ್ದಾರೆ. ಮೊಬೈಲ್ ಕೊಡಿ ಎಂದು ನಾನೆಲ್ಲಿ ಹೇಳಿದೆ?

ಸೂಜಿಯದೂ ಇದೇ ಕತೆ. ಲಸಿಕೆಯ ವೇಳಾಪಟ್ಟಿಯಲ್ಲಿ 16ರಿಂದ 24 ತಿಂಗಳೊಳಗೆ ಒಂದು ಸುತ್ತು, 5ರಿಂದ 6 ವರ್ಷದೊಳಗೆ ಇನ್ನೊಂದು ಸುತ್ತು ಚುಚ್ಚುಮದ್ದು ಇದ್ದೇ ಇದೆ. ಮನೆಯಲ್ಲಿ ಪ್ರತಿದಿನ ಸೂಜಿಯ ಬೆದರಿಕೆ ಹಾಕಿ, ಆ ದಿನ ಬಂದಾಗ ದಾದಿಯರ ಮುಂದೆ ನಾಲ್ಕು ಜನ ಸೇರಿ ಮಗುವನ್ನು ಒತ್ತಿ ಹಿಡಿಯುತ್ತಾರೆ. ಅದು ಇರಲಿ. ನನ್ನನ್ನು ಇನ್ನೂ ಹೆಚ್ಚು ಕಾಡುವುದು ಮನುಷ್ಯರನ್ನೇ ಗುಮ್ಮ ಮಾಡುವ ಅಭ್ಯಾಸ. ಹಿಂದೆ ಗೋಣಿಚೀಲ ಹೊತ್ತು ಹಳೆ ಸಾಮಾನು ಆರಿಸುವವನನ್ನು ತೋರಿಸುತ್ತಿದ್ದರು. ಈಗ ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರನ್ನು ತೋರಿಸುತ್ತಾರೆ. ಅಂಗಡಿಯ ಮುಂದೆ ಬೇಳೆ, ಎಣ್ಣೆ ಕೊಳ್ಳಲು ನಿಂತ ಯುವಕನೊಬ್ಬ ಮಗುವನ್ನು ನೋಡಿ ನಕ್ಕ. ಮಗುವಿನ ಜೊತೆಗಿದ್ದವರು "ಹಟ ಮಾಡಿದರೆ ಆ ಮಾಮನಿಗೆ ಕೊಟ್ಟುಬಿಡುತ್ತೇನೆ" ಎಂದರು. ಅವನಿಗೆ ಕನ್ನಡ ಪೂರ್ತಿ ಬರುವುದಿಲ್ಲ, ಆದರೆ ತನ್ನ ಕಡೆ ಚಾಚಿದ ಬೆರಳು, ಅಳುತ್ತಾ ಹಿಂದೆ ಸರಿದ ಮಗು ಎರಡೂ ಅರ್ಥವಾದವು. ಅವನ ಮುಖದ ನಗು ಅಲ್ಲಿಗೇ ನಿಂತಿತು. ನಮ್ಮ ಕಾಫಿ ಕೊಯ್ಯಲು ಊರು ಬಿಟ್ಟು ಬಂದವನಿಗೆ ನಮ್ಮ ಮಕ್ಕಳು ಹೆದರಬೇಕೆಂದು ನಾವೇ ಪಾಠ ಹೇಳುತ್ತಿದ್ದೇವೆ. ಇದು ನನಗೆ ನಾಚಿಕೆ ತರಿಸುತ್ತದೆ.

ಮತ್ತೆ ಆನೆಗೇ ಬರುತ್ತೇನೆ. ದಸರಾ ಬಂದರೆ ಟಿವಿಯ ಮುಂದೆ ಇದೇ ಮಕ್ಕಳನ್ನು ಕೂರಿಸಿ ಅಂಬಾರಿಗೆ ಕೈಮುಗಿಸುತ್ತೇವೆ. 2020ರಿಂದ ಆ ಅಂಬಾರಿ ಹೊತ್ತ ಅಭಿಮನ್ಯು ನಮ್ಮ ಮತ್ತಿಗೋಡು ಶಿಬಿರದವನು ಎಂದು ಹೆಮ್ಮೆಯಿಂದ ಹೇಳುತ್ತೇವೆ. ದುಬಾರೆಗೆ ಕರೆದುಕೊಂಡು ಹೋಗಿ ಹೊಳೆಯಲ್ಲಿ ಆನೆಗಳ ಮೈ ತೊಳೆಯುವುದನ್ನು, ರಾಗಿ ಮುದ್ದೆ, ಬೆಲ್ಲ ತಿನ್ನಿಸುವುದನ್ನು ತೋರಿಸುತ್ತೇವೆ. ಆ ಶಿಬಿರಗಳ ಮಾವುತರು, ಅವರ ಸಹಾಯಕರಾದ ಕಾವಾಡಿಗಳಲ್ಲಿ ಬಹಳ ಮಂದಿ ಜೇನುಕುರುಬರು. ಅವರ ಮಕ್ಕಳು ನಡೆಯಲು ಕಲಿಯುವುದೇ ಆನೆಗಳ ಸುತ್ತಮುತ್ತ. ಆ ಮಕ್ಕಳು ಆನೆಯ ಹತ್ತಿರ ಹೇಗಿರುತ್ತಾರೆಂದು ನಿಂತು ನೋಡಿದ್ದೇನೆ. ಸದ್ದಿಲ್ಲ, ಚೇಷ್ಟೆ ಇಲ್ಲ, ಯಾವ ಆನೆಯ ಬಳಿ ಸುಳಿಯಬಾರದು ಎಂಬ ತಿಳಿವಳಿಕೆ ಇದೆ. ಬಾಗಿಲು ಗುದ್ದಿ ಕಲಿಸಿದ್ದಲ್ಲ ಅದು.

ನಮ್ಮ ಮಾವನವರು ಮಗಳಿಗೆ ಕಲಿಸುತ್ತಿರುವ ರೀತಿಯನ್ನು ಇಲ್ಲಿ ಬರೆಯಲೇಬೇಕು. ಆನೆ ದಾಟಿಹೋದ ಮರುದಿನ, ಬಿಸಿಲೇರಿದ ಮೇಲೆ, ಇನ್ನು ಭಯವಿಲ್ಲವೆಂದು ಖಚಿತವಾದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗದ್ದೆಯ ಬದುವಿಗೆ ಹೋಗುತ್ತಾರೆ. ಕೆಸರಿನಲ್ಲಿ ಅಚ್ಚೊತ್ತಿದ ಹೆಜ್ಜೆಯೊಳಗೆ ಅವಳನ್ನು ಇಳಿಸುತ್ತಾರೆ. ಅವಳ ಎರಡೂ ಪಾದ ಇಟ್ಟರೂ ಸುತ್ತ ಜಾಗ ಉಳಿಯುತ್ತದೆ, ತಳದ ನೀರು ಬೆರಳ ಸಂದಿಗಳಿಂದ ಮೇಲೆ ಬರುತ್ತದೆ. ಪಕ್ಕದಲ್ಲೇ ಮರಿಯ ಹೆಜ್ಜೆ. ಇದು ಅಮ್ಮ, ಇದು ಪಾಪು, ಪಾಪು ಅಮ್ಮನ ಹೊಟ್ಟೆಯೊಳಗೆ 22 ತಿಂಗಳು ಇತ್ತು, ಪಾಪುವಿನ ಹತ್ತಿರ ಯಾರಾದರೂ ಹೋದರೆ ಅಮ್ಮನಿಗೆ ಸಿಟ್ಟು ಬರುತ್ತದೆ, ಅದಕ್ಕೇ ನಾವು ಹೋಗಬಾರದು ಎನ್ನುತ್ತಾರೆ. ಲದ್ದಿ ತೋರಿಸಿ, ಬಿಸಿಯಿದ್ದರೆ ಆನೆ ಹತ್ತಿರದಲ್ಲೇ ಇದೆ ಎಂದರ್ಥ, ಆಗ ತಿರುಗಿ ಬಂದುಬಿಡಬೇಕು ಎನ್ನುತ್ತಾರೆ. ಪಟಾಕಿ ಸದ್ದು ಕೇಳಿದರೆ ಹೊರಗೆ ಹೋಗಬಾರದೆಂದು ಈಗ ಅವಳೇ ಮನೆಗೆ ಬಂದವರಿಗೆ ಹೇಳುತ್ತಾಳೆ. ಅವಳಿಗೆ ಭಯವಿಲ್ಲವೆಂದಲ್ಲ, ಎಷ್ಟು ಬೇಕೋ ಅಷ್ಟಿದೆ, ಯಾವಾಗ ಬೇಕೋ ಆಗ ಇದೆ. ಮಾವನವರು ಮಕ್ಕಳ ಮನಶ್ಶಾಸ್ತ್ರ ಓದಿದವರಲ್ಲ. ಮಗುವಿಗೆ ಸುಳ್ಳು ಹೇಳುವುದಿಲ್ಲ, ಅಷ್ಟೇ.

ನಮ್ಮ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂತು. ಬರುವ ನೆಂಟರಿಗೆಲ್ಲ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮುಖ ಸಣ್ಣ ಮಾಡಿಕೊಳ್ಳಬೇಡಿ. ಕದಿರು ಕೊಯ್ಯುವಾಗ ಗುಂಡು ಹಾರುತ್ತದೆ, ಪಟಾಕಿ ಸಿಡಿಯುತ್ತದೆ. ಅದು ಹಬ್ಬದ ಸದ್ದು, ಆನೆ ಓಡಿಸುವ ಸದ್ದಲ್ಲ ಎಂದು ಮಗಳಿಗೆ ಮೊದಲೇ ತಿಳಿಸಿರುತ್ತೇನೆ, ಯಾರೂ ಬೇರೆ ಹೇಳಬೇಡಿ. ತಂಬಿಟ್ಟು, ಹುತ್ತರಿ ಗೆಣಸು ಅವಳ ಮುಂದೆ ಇಡಿ, ಕಥೆ ಹೇಳಿ, ಜೊತೆಗೆ ಕುಳಿತು ನೀವೂ ತಿನ್ನಿ. ಅವಳು ಬೇಡವೆಂದರೆ ಬಾಗಿಲ ಹಿಂದೆ ಹೋಗಬೇಡಿ, ತಟ್ಟೆಯನ್ನು ನನ್ನ ಕೈಗೆ ಕೊಡಿ.