ಶುಂಠಿಯೊಳಗಿನ ಕಾವಲುಗಾರರು

ಮೊನ್ನೆ ಮಳೆ ಸ್ವಲ್ಪ ಹೊಳವಾದಾಗ ಪಕ್ಕದೂರಿನ ಗೆಳೆಯರು ಫೋನ್ ಮಾಡಿದ್ದರು. "ಶುಂಠಿ ಹಸಿರಿದ್ದ ಹಾಗೇ ಬಾಡ್ತಾ ಇದೆ, ಒಂಚೂರು ಬಂದು ನೋಡಿ" ಅಂದರು. ಹೋದೆ. ಎಲೆಗಳು ಸುರುಳಿ ಸುತ್ತಿಕೊಂಡು ಜೋತುಬಿದ್ದಿದ್ದವು. ಒಂದು ಗಿಡವನ್ನು ಬುಡದಲ್ಲಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ತುದಿ ತಾಗಿಸಿ ಹಿಡಿದೆವು. ಎರಡು ಮೂರು ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಸಣ್ಣಗೆ ಕೆಳಗಿಳಿಯಿತು. ಅದು ರಾಲ್‌ಸ್ಟೋನಿಯಾ ಅನ್ನುವ ಬ್ಯಾಕ್ಟೀರಿಯಾದ ದಂಡು. ಗಿಡದ ನೀರಿನ ನಾಳಗಳಲ್ಲಿ ತುಂಬಿಕೊಂಡುಬಿಡುತ್ತದೆ. ಕೆಸರಲ್ಲಿ ನಿಂತ ಗಿಡ ನೀರಿಲ್ಲದೆ ಸಾಯುತ್ತದೆ.

"ಈಗ ಯಾವ ಔಷಧಿ ಹೊಡೀಲಿ?" ಅಂತ ಕೇಳಿದರು. ಏನು ಹೇಳಲಿ? ಬಾಡಿದ ಗಿಡ ಉಳಿಯುವುದಿಲ್ಲ. ಕಿತ್ತು ದೂರ ಹಾಕಿ, ಆ ಮಡಿಯ ನೀರು ಪಕ್ಕದ ಮಡಿಗೆ ಹರಿಯದ ಹಾಗೆ ನೋಡಿಕೊಳ್ಳಿ ಅಂದೆ.

ರೋಗ ತಂದದ್ದು ಬ್ಯಾಕ್ಟೀರಿಯಾ, ಸರಿ. ಅದನ್ನು ತಡೆಯುವ ಬ್ಯಾಕ್ಟೀರಿಯಾ ಶುಂಠಿಯೊಳಗೇ ಇದೆ ಅನ್ನುವುದು ನನಗೆ ದೊಡ್ಡ ಸಮಾಧಾನ. ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಶುಂಠಿಯ ಜೀವಕೋಶಗಳ ಸಂದಿಯಲ್ಲಿ ವಾಸಿಸುವ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಅನ್ನುವುದನ್ನು ಹೊರತೆಗೆದು, ಇದೇ ಸೊರಗು ರೋಗಕ್ಕೆ 'ಬ್ಯಾಸಿಲಿಚ್' ಅನ್ನುವ ಜೈವಿಕ ಔಷಧಿ ಮಾಡಿದ್ದಾರೆ. ನಾಟಿಗೆ ಮೊದಲು ಬೀಜದ ಗೆಡ್ಡೆಯನ್ನು ಇದರಲ್ಲಿ ಅದ್ದಬೇಕು, ಆಮೇಲೆ ಬುಡಕ್ಕೆ ಸುರಿಯಬೇಕು. ಶತ್ರು ಬರುವ ಮೊದಲೇ ಮನೆಯಲ್ಲಿ ನಮ್ಮವರು ತುಂಬಿರಬೇಕು, ಅಷ್ಟೇ.

ನಮಗೆಲ್ಲ ಜಾಸ್ತಿ ಪರಿಚಯ ಇರುವುದು ಸೂಡೋಮೊನಾಸ್ ಅನ್ನುವ ಇನ್ನೊಂದು ಉಪಕಾರಿ ಬ್ಯಾಕ್ಟೀರಿಯಾ. ಅದು ಬೇರಿನ ಸುತ್ತ ಮನೆ ಮಾಡಿ, ಮಣ್ಣಿನಲ್ಲಿರುವ ಕಬ್ಬಿಣದ ಅಂಶವನ್ನು ತಾನೇ ಬಾಚಿಕೊಳ್ಳುತ್ತದೆ. ಕೊಳೆ ತರುವ ಶಿಲೀಂಧ್ರಕ್ಕೆ ಉಪವಾಸ. ಜೊತೆಗೆ ಗಿಡವನ್ನೂ ಎಚ್ಚರಿಸಿ ಇಡುತ್ತದೆ. ಬೇರಿಗೆ ಕೊಟ್ಟರೂ ಎಲೆಗೆ ರೋಗ ತಡೆಯುವ ಶಕ್ತಿ ಬರುತ್ತದೆ.

ಆದರೆ ನಾವು ಇದನ್ನು ಬಳಸುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಪ್ಯಾಕೆಟ್ಟು ಅಂಗಡಿಯ ಬಿಸಿಲಿಗೆ ತಿಂಗಳುಗಟ್ಟಲೆ ಕಾದಿರುತ್ತದೆ. ತಾರೀಕು ಯಾರೂ ನೋಡುವುದಿಲ್ಲ. ತಂದವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಡ್ರಮ್ಮಿಗೇ ಹಾಕಿ ಕಲಸುತ್ತಾರೆ. ಬೋರ್ಡೋದಲ್ಲಿರುವ ಮೈಲುತುತ್ತ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಒಳ್ಳೆಯದು ಕೆಟ್ಟದ್ದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಕೊನೆಗೆ "ಈ ಜೈವಿಕ ಎಲ್ಲ ಸುಮ್ನೆ" ಅನ್ನುತ್ತಾರೆ. ಕುದಿಯುವ ಹಾಲಿಗೆ ಹೆಪ್ಪು ಹಾಕಿ ಮೊಸರಾಗಲಿಲ್ಲ ಅಂದರೆ ಹೆಪ್ಪಿನ ತಪ್ಪಾ?

ಬ್ಯಾಸಿಲಸ್ ಆದರೂ ಒಣಗು, ಬಿಸಿ ಬಂದಾಗ ಗಟ್ಟಿ ಕವಚದೊಳಗೆ ಮುದುಡಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ. ಸೂಡೋಮೊನಾಸ್‌ಗೆ ಆ ಕವಚ ಇಲ್ಲ. ಅದಕ್ಕೇ ಅದನ್ನು ಮಗುವಿನ ಹಾಗೆ ನೋಡಿಕೊಳ್ಳಬೇಕು. ನಾನು ಕಳಿತ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಜೊತೆ ಕಲಸಿ, ನೆರಳಲ್ಲಿ ಒದ್ದೆ ಗೋಣಿ ಹೊದಿಸಿ ಹತ್ತು ಹದಿನೈದು ದಿನ ಇಡುತ್ತೇನೆ. ಗೋಣಿ ಎತ್ತಿದಾಗ ಹಸಿಮಣ್ಣಿನ ವಾಸನೆ ಬರುತ್ತದೆ. ಆಮೇಲೆ ತೇವ ಇರುವ ಬುಡಕ್ಕೆ, ಸಂಜೆ ಹೊತ್ತು ಹಾಕುತ್ತೇನೆ.

ಇದೊಂದರಿಂದಲೇ ಎಲ್ಲ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಬಸಿಗಾಲುವೆ ಸರಿ ಇಲ್ಲದಿದ್ದರೆ, ರೋಗ ಬಂದ ಗದ್ದೆಯ ಗೆಡ್ಡೆಯನ್ನೇ ಬೀಜಕ್ಕೆ ಇಟ್ಟರೆ ಯಾವ ಬ್ಯಾಕ್ಟೀರಿಯಾವೂ ಕಾಯುವುದಿಲ್ಲ. ಪ್ಯಾಕೆಟ್ಟು ಹಂಚುವ ಇಲಾಖೆಗಳು, ಮಾರುವ ಅಂಗಡಿಗಳು ಇದು ಜೀವ ಇರುವ ಸರಕು ಅಂತ ಮೊದಲು ಬಾಯಿಬಿಟ್ಟು ಹೇಳಬೇಕು. ನೆರಳಲ್ಲಿ ಇಡಬೇಕು, ಯಾವುದರ ಜೊತೆ ಬೆರೆಸಬಾರದು ಅಂತ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕು. ಗೆಳೆಯರ ಮನೆಯಲ್ಲಿದ್ದ ಪ್ಯಾಕೆಟ್ಟಿನಲ್ಲಿ ಆ ಸಾಲು ಇತ್ತು, ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ.